ಸಿಂಹದ ಹಾಡು ನಡೆದ ದಾರಿ

ಪುರಂದರದಾಸರ ಕೀರ್ತನೆಯನ್ನು ಯಾರು ಯಾವ ರಾಗದಲ್ಲಿ ಹಾಡಿದರೂ ಕಡೆಯ ಚರಣದಲ್ಲಿ ಅಂಕಿತವು ಬಂದೇ ತೀರುವುದು. ಹಾಡುವವರು ಬದಲಾಗಲಿ, ಮಟ್ಟು ಬದಲಾಗಲಿ, ಕಟ್ಟಿದವರ ಗುರುತು ಹಾಡಿನೊಡನೆಯೇ ಸಂಚರಿಸುವುದು. ಅಂತಹ ಅಂಕಿತವಿಲ್ಲದ ಹಾಡೊಂದು ದೇಶದೇಶಗಳನ್ನು ಸುತ್ತಿ, ಅಪಾರ ಧನವನ್ನು ಗಳಿಸಿ, ತನ್ನನ್ನು ಹುಟ್ಟಿಸಿದವನ ಹೆಸರನ್ನೇ ದಾರಿಯಲ್ಲಿ ಕಳೆದುಕೊಂಡ ವೃತ್ತಾಂತವನ್ನು ಈ ಸಲ ವಾಚಕರ ಮುಂದಿಡಲು ಬಯಸುತ್ತೇವೆ. 'ದಿ ಲಯನ್ ಸ್ಲೀಪ್ಸ್ ಟುನೈಟ್' ಎಂಬುದೇ ಆ ಹಾಡು. ಅದರ ಹೆಸರನ್ನರಿಯದವರೂ ಮಟ್ಟನ್ನು ಕೇಳಿದರೆ ಗುರುತಿಸಬಲ್ಲರು.

ಸಾಲೊಮನ್ ಲಿಂಡಾ ಎಂಬಾತನು 1909ರಲ್ಲಿ ದಕ್ಷಿಣ ಆಫ್ರಿಕಾದ ನಟಾಲ್ ಪ್ರಾಂತದಲ್ಲಿ ಜುಲು ಜನಾಂಗದಲ್ಲಿ ಹುಟ್ಟಿದನು. ಬಾಲ್ಯದಲ್ಲಿ ದನ ಕಾಯ್ದವನು; ದೊಡ್ಡವನಾದ ಮೇಲೆ ಹೊಟ್ಟೆಪಾಡಿಗಾಗಿ ಜೋಹಾನ್ಸ್‌ಬರ್ಗ್ ನಗರಕ್ಕೆ ಬಂದನು. ಅಲ್ಲಿ ಊರು ಬಿಟ್ಟು ಬಂದ ಕೂಲಿಗಾರರು ವಾರವಿಡೀ ದುಡಿದು, ವಾರದ ಕೊನೆಯಲ್ಲಿ ಮೇಳ ಕಟ್ಟಿಕೊಂಡು ಪಂತದ ಹಾಡುಗಾರಿಕೆ ನಡೆಸುತ್ತಿದ್ದರು. ಲಿಂಡಾನ ಮೇಳಕ್ಕೆ 'ಈವನಿಂಗ್ ಬರ್ಡ್ಸ್', ಅಂದರೆ ಸಂಜೆಯ ಹಕ್ಕಿಗಳು, ಎಂಬ ಹೆಸರಿದ್ದಿತು. ಹಲವರು ಮಂದ್ರಸ್ವರದಲ್ಲಿ ಒಂದೇ ಪಲ್ಲವಿಯನ್ನು ಹಿಡಿದು ನಿಲ್ಲುವರು. ಅದರ ಮೇಲೆ ಲಿಂಡಾನ ಕಂಠವು ತಾರಸ್ಥಾಯಿಯಲ್ಲಿ ಹಾರಾಡುವುದು.

ಆತನು ಗ್ಯಾಲೋ ಎಂಬ ಗ್ರಾಮೋಫೋನು ಸಂಸ್ಥೆಯಲ್ಲಿ ತಟ್ಟೆಗಳನ್ನು ಪೆಟ್ಟಿಗೆಗೆ ತುಂಬುವ ಕೆಲಸದಲ್ಲಿದ್ದನು. 1939ರಲ್ಲಿ ಅದೇ ಸಂಸ್ಥೆಯವರು ಅವನ ಮೇಳವನ್ನು ಕರೆಸಿ ಹಾಡಿಸಿದರು. ಹಾಡಿನ ಹೆಸರು 'ಇಂಬೂಬೆ'. ಜುಲು ಭಾಷೆಯಲ್ಲಿ ಸಿಂಹವೆಂದರ್ಥ. ಮೂರನೆಯ ಬಾರಿ ಹಾಡುವಾಗ, ಮುಗಿಯುವುದಕ್ಕೆ ಸ್ವಲ್ಪ ಮುಂಚೆ, ಲಿಂಡಾನು ಹಿಂದೆಂದೂ ಹಾಡದಿದ್ದ ಒಂದು ಆಲಾಪವನ್ನು ಆ ಕ್ಷಣದ ಸ್ಫೂರ್ತಿಯಿಂದ ಹರಿಯಬಿಟ್ಟನು. ಕೆಲವೇ ಸ್ವರಗಳು! ಮುಂದೆ ಕೋಟ್ಯಂತರ ಜನರು ಗುನುಗಿದುದು ಅದನ್ನೇ. ತಟ್ಟೆಯು ಆಫ್ರಿಕಾದಲ್ಲಿ ಹತ್ತು ವರ್ಷಗಳೊಳಗಾಗಿ ಸುಮಾರು 1,00,000 ಪ್ರತಿಗಳಷ್ಟು ಮಾರಾಟವಾಯಿತೆಂದು ಪ್ರತೀತಿಯಿದೆ. ಲಿಂಡಾನಿಗೆ ದೊರೆತುದು ಹತ್ತು ಷಿಲಿಂಗು ಎನ್ನುವರು. ಆ ಬಗೆಯ ಹಾಡುಗಾರಿಕೆಗೇ ಅಲ್ಲಿ 'ಇಂಬೂಬೆ' ಎಂಬ ಹೆಸರು ನಿಂತಿತು. ಬಳಿಕ ಲೋಕಪ್ರಸಿದ್ಧವಾದ ಲೇಡಿಸ್ಮಿತ್ ಬ್ಲ್ಯಾಕ್ ಮಂಬಾಜೋ ಮೇಳವು ಆ ಸಂಪ್ರದಾಯಕ್ಕೇ ಸೇರಿದುದು.

ಜಾನಪದ ಗೀತಗಳ ಸಂಗ್ರಾಹಕನಾದ ಅಲನ್ ಲೊಮ್ಯಾಕ್ಸನ ಮೂಲಕ ಈ ತಟ್ಟೆಯು ಅಮೆರಿಕೆಯ ಗಾಯಕ ಪೀಟ್ ಸೀಗರನ ಕೈ ಸೇರಿತು. ಸೀಗರನು ತಟ್ಟೆಯನ್ನು ಮತ್ತೆ ಮತ್ತೆ ತಿರುಗಿಸಿ ಕೇಳಿ ಸ್ವರಗಳನ್ನು ಬರೆದುಕೊಂಡನು. 'ನೀನು ಸಿಂಹ' ಎಂಬರ್ಥದ 'ಉಯಿಂಬೂಬೆ' ಎಂಬ ಮಾತು ಅವನ ಕಿವಿಗೆ 'ವಿಮೊವೆ' ಎಂದು ಬಿದ್ದಿತು. ಅರ್ಥವಿಲ್ಲದ ಆ ಶಬ್ದವೇ ಹಾಡಿನ ಹೆಸರಾಯಿತು! ಸೀಗರನ ವೀವರ್ಸ್ ಮೇಳದವರ 'ವಿಮೊವೆ'ಯು 1952ರಲ್ಲಿ ಜನಪ್ರಿಯವಾಯಿತು. ಆದರೆ ಕರ್ತೃವಿನ ಸ್ಥಾನದಲ್ಲಿ ಅಚ್ಚಾದುದು 'ಪಾಲ್ ಕ್ಯಾಂಪ್‌ಬೆಲ್' ಎಂಬ ಹೆಸರು. ಅಂತಹ ಮನುಷ್ಯನೇ ಇರಲಿಲ್ಲ. ಅದು ಆ ಮೇಳದವರು ಹಣಕ್ಕಾಗಿ ಇಟ್ಟುಕೊಂಡ ಕಲ್ಪಿತ ನಾಮ. ಸೀಗರನು ಲಿಂಡಾನಿಗೆ 1,000 ಡಾಲರುಗಳನ್ನು ಕಳುಹಿಸಿದನೆಂಬುದನ್ನೂ ಹೇಳಬೇಕು. ಅವನ ಉದ್ದೇಶವನ್ನು ನಾವು ಶಂಕಿಸುವುದಿಲ್ಲ. ವ್ಯವಹಾರವನ್ನು ಇತರರಿಗೆ ಬಿಟ್ಟುಕೊಟ್ಟುದೇ ಅವನ ತಪ್ಪೆಂದು ನಮಗೆ ತೋರುವುದು.

1961ರಲ್ಲಿ ಜಾರ್ಜ್ ಡೇವಿಡ್ ವೈಸ್ ಎಂಬಾತನು ಇಂಗ್ಲಿಷ್ ಸಾಹಿತ್ಯವನ್ನು ಹೊಸದಾಗಿ ಹೊಂದಿಸಿ, ಲಿಂಡಾನ ಕೊನೆಯ ಆಲಾಪವನ್ನೇ ಹಾಡಿನ ಮುಖ್ಯ ಮಟ್ಟನ್ನಾಗಿ ಮಾಡಿದನು. ನ್ಯೂಯಾರ್ಕಿನ ಟೋಕನ್ಸ್ ಎಂಬ ತರುಣರ ಮೇಳವು ಹಾಡಿದ ಈ ರೂಪವನ್ನು ಮೊದಲು ತಟ್ಟೆಯ ಹಿಂಬದಿಗೆ ಹಾಕಿದ್ದರು. ಆ ಹಿಂಬದಿಯೇ ಅಮೆರಿಕೆಯಲ್ಲಿ ಪ್ರಥಮ ಸ್ಥಾನವನ್ನು ಪಡೆಯಿತು. ಅಷ್ಟರೊಳಗೆ ಮಿರಿಯಮ್ ಮಕೇಬಾ ಮೂಲ ಜುಲು ಹಾಡನ್ನೇ ಹಾಡಿದ್ದಳು. ಫ್ರಾನ್ಸಿನಲ್ಲಿ ಹೆನ್ರಿ ಸಾಲ್ವಡೋರನು ಹಾಡಿದಾಗ ಸಿಂಹವು ಮಲಗಲಿಲ್ಲ, ಸತ್ತೇ ಹೋಯಿತು! 1982ರಲ್ಲಿ ಟೈಟ್ ಫಿಟ್ ಮೇಳದ ಹಾಡು ಇಂಗ್ಲೆಂಡಿನಲ್ಲಿ ಮೊದಲನೆಯದಾಯಿತು. 1994ರ 'ದಿ ಲಯನ್ ಕಿಂಗ್' ಚಿತ್ರವು ಇದನ್ನು ಮನೆಮನೆಯ ಮಕ್ಕಳಿಗೂ ಮುಟ್ಟಿಸಿತು.

ಲಿಂಡಾನು 1962ರಲ್ಲಿ ಮೂತ್ರಪಿಂಡದ ರೋಗದಿಂದ ಬಡತನದಲ್ಲೇ ತೀರಿಕೊಂಡನು. ಸಮಾಧಿಗೆ ಕಲ್ಲು ನಿಲ್ಲಿಸುವಷ್ಟು ಹಣವೂ ಹೆಂಡತಿಯಲ್ಲಿರಲಿಲ್ಲ. ಕಲ್ಲು ನಿಲ್ಲಲು ಹದಿನೆಂಟು ವರ್ಷಗಳು ಹಿಡಿದುವು. 2000ದಲ್ಲಿ ರಿಯಾನ್ ಮಲಾನ್ ಎಂಬ ದಕ್ಷಿಣ ಆಫ್ರಿಕಾದ ಪತ್ರಕರ್ತನು ಈ ಸಂಗತಿಯನ್ನೆಲ್ಲ 'ರೋಲಿಂಗ್ ಸ್ಟೋನ್' ಪತ್ರಿಕೆಯಲ್ಲಿ ಬಯಲಿಗಿಟ್ಟು, ಹಾಡಿನ ಗಳಿಕೆಯನ್ನು 1.5 ಕೋಟಿ ಡಾಲರೆಂದು ಅಂದಾಜು ಕಟ್ಟಿದನು. ಲಿಂಡಾನ ಹೆಣ್ಣುಮಕ್ಕಳಿಗೆ ಆಶ್ರಯವಾದುದು, ವಿಚಿತ್ರವೆಂದರೆ, ಬ್ರಿಟಿಷ್ ಸಾಮ್ರಾಜ್ಯದ ಹಳೆಯ ಕಾನೂನು. ಕರ್ತೃವು ಹಕ್ಕನ್ನು ಮಾರಿದ್ದರೂ, ಅವನು ಸತ್ತ 25 ವರ್ಷಗಳ ಬಳಿಕ ಅದು ವಾರಸುದಾರರಿಗೆ ಹಿಂದಿರುಗತಕ್ಕದ್ದೆಂದು 1911ರ ಗ್ರಂಥಸ್ವಾಮ್ಯದ ಕಾಯಿದೆಯಲ್ಲಿ ವಿಧಿಯಿದ್ದಿತು. ಆ ಲೆಕ್ಕದಂತೆ 1987ರಲ್ಲಿಯೇ ಹಕ್ಕು ಮಕ್ಕಳಿಗೆ ಬಂದಿರಬೇಕು. ಈ ಆಧಾರದ ಮೇಲೆ 2004ರಲ್ಲಿ ಡಿಸ್ನಿ ಸಂಸ್ಥೆಯ ಮೇಲೆ ದಾವೆ ಹೂಡಲಾಯಿತು. 2006ರಲ್ಲಿ ಹಾಡಿನ ಪ್ರಕಾಶಕರೊಡನೆ ರಾಜಿಯಾಗಿ, ಹಿಂದಿನ ಗಳಿಕೆಯಲ್ಲಿಯೂ ಮುಂದಿನದರಲ್ಲಿಯೂ ಮಕ್ಕಳಿಗೆ ಪಾಲು ಗೊತ್ತಾಯಿತು; ಲಿಂಡಾನನ್ನು ಸಹಕರ್ತೃವೆಂದು ನಮೂದಿಸಲು ಒಪ್ಪಿಗೆಯಾಯಿತು.

ಆಶ್ಚರ್ಯವೆಂದರೆ 1939ರ ಆ ಮುದ್ರಣವನ್ನು ಇಂದಿಗೂ ಕೇಳಬಹುದು. ಪೂರ್ತಿ ಮೂರು ನಿಮಿಷವೂ ಇಲ್ಲ. ಬಹುಪಾಲು ಹಾಡು ಪಲ್ಲವಿಯಲ್ಲೇ ಕಳೆಯುವುದು. ಇನ್ನೇನು ಮುಗಿಯಿತೆನ್ನುವಾಗ ಆ ಆಲಾಪವು ಬರುವುದು, ಒಂದೇ ಒಂದು ಸಲ.