ಮಂಪರಿನಲ್ಲಿ ಬಾಯಿಬಿಟ್ಟರೆ ಅದು ಸತ್ಯವೇ?

ಭೀಕರ ಕೊಲೆಯೊಂದು ನಡೆದು ಆರೋಪಿ ಸಿಕ್ಕಿಬಿದ್ದ ಕೂಡಲೇ ‘ಮಂಪರು ಪರೀಕ್ಷೆ ಮಾಡಿಸಿ, ಎಲ್ಲ ಹೊರಗೆ ಬರುತ್ತೆ’ ಎಂಬ ಕೂಗು ಏಳುತ್ತದೆ. ಸೂಜಿ ಚುಚ್ಚಿದರೆ ಸುಳ್ಳು ಹೇಳುವ ಶಕ್ತಿ ಅಡಗುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಅದು ಬೇರೂರಿದ್ದರಲ್ಲಿ ಬೆಂಗಳೂರಿನ ಪಾಲೂ ಇದೆ. 2000ದ ದಶಕದಲ್ಲಿ ಬೇರೆ ರಾಜ್ಯಗಳ ಪೊಲೀಸರೂ ಆರೋಪಿಗಳನ್ನು ಇಲ್ಲಿಗೆ ಕರೆತರುತ್ತಿದ್ದರು. ಛಾಪಾಕಾಗದ ಹಗರಣದ ಅಬ್ದುಲ್ ಕರೀಂ ತೆಲಗಿ ಮಂಪರಿನಲ್ಲಿ ಮಾತಾಡಿದ ದೃಶ್ಯ ಟಿ.ವಿ.ಯಲ್ಲೂ ಬಂತು.

ಆ ಸೂಜಿಯಲ್ಲಿರುತ್ತಿದ್ದದ್ದು ಸೋಡಿಯಂ ಪೆಂಟೊಥಾಲ್, ಶಸ್ತ್ರಚಿಕಿತ್ಸೆಗೆ ಮುನ್ನ ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ಔಷಧ. ನಿಧಾನವಾಗಿ ಕೊಟ್ಟರೆ ಮನುಷ್ಯ ಅರೆನಿದ್ದೆಗೆ ಜಾರುತ್ತಾನೆ, ಸಂಕೋಚ ಸಡಿಲವಾಗುತ್ತದೆ, ಮಾತು ಹೆಚ್ಚುತ್ತದೆ. ಆ ಮಾತಿನಲ್ಲಿ ನೆನಪು, ಕನಸು, ಭಯ, ಆಸೆ ಎಲ್ಲ ಕಲಸಿಕೊಂಡಿರುತ್ತವೆ. ಗಟ್ಟಿಗನಾದವನು ಆಗಲೂ ಗುಟ್ಟು ಬಿಡದಿರಬಹುದು. ಅದಕ್ಕಿಂತ ಅಪಾಯದ ಸಂಗತಿ ಇನ್ನೊಂದಿದೆ: ಕೇಳುವವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವ ಸ್ಥಿತಿ ಅದು. ‘ಅವತ್ತು ರಾತ್ರಿ ಕಾರಿನಲ್ಲಿ ನಿನ್ನ ಜೊತೆ ಇನ್ನಿಬ್ಬರು ಇದ್ದರಲ್ಲ, ಯಾರವರು?’ ಎಂದರೆ, ಕಾರಿನಲ್ಲಿ ಯಾರೂ ಇಲ್ಲದಿದ್ದರೂ ಎರಡು ಹೆಸರು ಬಾಯಿಗೆ ಬಂದುಬಿಡಬಹುದು. ಆ ಹೆಸರಿನವರ ಮನೆ ಬಾಗಿಲಿಗೆ ಮರುದಿನ ಜೀಪು ಬಂದು ನಿಂತರೆ ಅವರ ಗತಿಯೇನು?

ಸುಪ್ರೀಂ ಕೋರ್ಟ್ 2010ರ ಮೇ 5ರಂದು ತೀರ್ಪಿತ್ತ ‘ಸೆಲ್ವಿ ಮತ್ತು ಕರ್ನಾಟಕ ರಾಜ್ಯ’ ಪ್ರಕರಣ ನಮ್ಮ ನೆಲದಿಂದಲೇ ಹೋದದ್ದು. ಒಪ್ಪಿಗೆಯಿಲ್ಲದೆ ಯಾರ ಮೇಲೂ ಮಂಪರು ಪರೀಕ್ಷೆ, ಸುಳ್ಳು ಪತ್ತೆ ಪರೀಕ್ಷೆ, ಮಿದುಳು ಪರೀಕ್ಷೆ ನಡೆಸುವಂತಿಲ್ಲ ಎಂದು ಅದು ಸಾರಿತು. ಒಪ್ಪಿ ಮಾಡಿಸಿಕೊಂಡರೂ ಆ ಮಾತುಗಳೇ ಸಾಕ್ಷ್ಯವಾಗುವುದಿಲ್ಲ. ಅವುಗಳ ಜಾಡು ಹಿಡಿದು ಮುಂದೆ ಸಿಕ್ಕ ವಸ್ತುವಿಗೋ ಮಾಹಿತಿಗೋ ಬೆಲೆ ಬರಬಹುದು, ಅಷ್ಟೆ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೂ ‘ಮಂಪರು ಮಾಡಿಸಿ’ ಎಂಬ ಕೂಗು ನಿಂತಿಲ್ಲವಲ್ಲ ಎಂಬುದು ನನ್ನ ಸಂಕಟ.

ಸೂಚನೆಗೆ ಬಗ್ಗಲು ಔಷಧವೇ ಬೇಕೆಂದಿಲ್ಲ. 1974ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ವಿದ್ಯಾರ್ಥಿಗಳಿಗೆ ಕಾರು ಅಪಘಾತದ ಚಿತ್ರ ತೋರಿಸಿದರು. ಕಾರುಗಳು ಒಂದಕ್ಕೊಂದು ‘ತಾಗಿದಾಗ’ ವೇಗ ಎಷ್ಟಿತ್ತು ಎಂದು 50 ಜನರನ್ನೂ, ‘ಅಪ್ಪಳಿಸಿದಾಗ’ ಎಷ್ಟಿತ್ತು ಎಂದು ಇನ್ನು 50 ಜನರನ್ನೂ ಕೇಳಿದರು. ವಾರದ ನಂತರ ‘ಒಡೆದ ಗಾಜು ಕಂಡಿತೇ?’ ಎಂದಾಗ ಮೊದಲ ಗುಂಪಿನಲ್ಲಿ 7, ಎರಡನೆಯದರಲ್ಲಿ 16 ಮಂದಿ ಹೌದೆಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ. ಅವರು ಸುಳ್ಳು ಹೇಳಿದವರಲ್ಲ, ಪ್ರಾಮಾಣಿಕವಾಗಿ ತಪ್ಪು ನೆನಪಿಟ್ಟುಕೊಂಡವರು.

ಮುಖ ನೋಡಿಯೇ ಕಳ್ಳನನ್ನು ಹಿಡಿಯುತ್ತೇನೆ ಎನ್ನುವವರೂ ಇದ್ದಾರೆ. ಕಣ್ಣು ತಪ್ಪಿಸಿದ, ಬೆವರಿದ, ತಡವರಿಸಿದ ಎಂಬುದೇ ಅವರ ಆಧಾರ. ಚಾರ್ಲ್ಸ್ ಬಾಂಡ್ ಮತ್ತು ಬೆಲ್ಲಾ ಡಿಪೌಲೊ 2006ರಲ್ಲಿ, 24,000ಕ್ಕೂ ಹೆಚ್ಚು ಜನರು ಪಾಲ್ಗೊಂಡಿದ್ದ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸತ್ಯ–ಸುಳ್ಳಿನ ತೀರ್ಮಾನ ಸರಿಯಾಗಿದ್ದದ್ದು ಶೇ 54ರಷ್ಟು. ನಾಣ್ಯ ಚಿಮ್ಮಿದರೂ ಶೇ 50 ಬರುತ್ತದೆ. ಪೊಲೀಸರ ಸಾಧನೆಯೂ ಇದಕ್ಕಿಂತ ಮೇಲಿರಲಿಲ್ಲ. ನಮ್ಮ ಹಳ್ಳಿಗಳಲ್ಲಂತೂ ಸಾಹೇಬರ ಮುಂದೆ ತಲೆ ತಗ್ಗಿಸಿ ನಿಲ್ಲುವುದು ಮರ್ಯಾದೆ. ಅದನ್ನೇ ಅಪರಾಧಿಯ ಲಕ್ಷಣವೆಂದು ಓದಿದರೆ ಬಡವನಿಗೆ ಉಳಿಗಾಲವಿಲ್ಲ.

ಸುಳ್ಳು ಪತ್ತೆ ಯಂತ್ರ ಅಳೆಯುವುದು ಉಸಿರು, ರಕ್ತದೊತ್ತಡ, ಬೆವರುಗಳನ್ನು. ನಿರಪರಾಧಿಯೂ ಹೆದರುತ್ತಾನೆ. ಸೋವಿಯತ್ ಒಕ್ಕೂಟಕ್ಕೆ ಗುಟ್ಟು ಮಾರುತ್ತಿದ್ದ ಸಿಐಎ ಅಧಿಕಾರಿ ಆಲ್‌ಡ್ರಿಚ್ ಏಮ್ಸ್ 1986 ಮತ್ತು 1991ರಲ್ಲಿ ಈ ಯಂತ್ರದ ಪರೀಕ್ಷೆಯಲ್ಲಿ ಪಾಸಾಗಿದ್ದ.

ಫಲ ಕೊಟ್ಟಿರುವುದು ಕೇಳುವ ಕ್ರಮ. ಅಂಗಡಿಯ ಕ್ಯಾಮೆರಾದಲ್ಲಿ ಆರೋಪಿ ಕಂಡಿದ್ದಾನೆ ಎನ್ನೋಣ. ಫೋಟೊವನ್ನು ಮೊದಲೇ ಮುಖಕ್ಕೆ ಹಿಡಿದರೆ ಅವನು ಅದಕ್ಕೆ ತಕ್ಕ ಕಥೆ ಕಟ್ಟುತ್ತಾನೆ. ಅದನ್ನು ಫೈಲಿನಲ್ಲೇ ಇಟ್ಟುಕೊಂಡು, ‘ಆ ಸಂಜೆ ಎಲ್ಲೆಲ್ಲಿ ಹೋಗಿದ್ದೆ, ಹೇಳು’ ಎಂದು ಸಮಾಧಾನದಿಂದ ಕೇಳಿದರೆ ನಿರಪರಾಧಿ ಸಾಮಾನ್ಯವಾಗಿ ಅಂಗಡಿಯ ಹೆಸರನ್ನು ತಾನಾಗಿ ಹೇಳುತ್ತಾನೆ. ತಪ್ಪಿತಸ್ಥ ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳುವ ಸಂಭವ ಹೆಚ್ಚು. ಸ್ವೀಡನ್ನಿನಲ್ಲಿ ಮರಿಯಾ ಹಾರ್ಟ್‌ವಿಗ್ ಮತ್ತು ಸಂಗಡಿಗರು ತರಬೇತಿಯಲ್ಲಿದ್ದ ಪೊಲೀಸರಿಗೆ ಈ ವಿಧಾನ ಕಲಿಸಿ, ನಕಲಿ ಕಳ್ಳತನವೊಂದರ ವಿಚಾರಣೆ ಮಾಡಿಸಿದರು. ಕಲಿಯದವರ ತೀರ್ಮಾನ ಶೇ 56ರಷ್ಟು ಸರಿಯಿತ್ತು, ಕಲಿತವರದು ಶೇ 85ರಷ್ಟು.