ಏರ್ ಶೋ ಫೋಟೊ: ಸದ್ದು ಕೇಳಿ ಕ್ಯಾಮೆರಾ ಎತ್ತಿದರೆ ಆಕಾಶ ಖಾಲಿ!

ಹಿರೇಹಡಗಲಿ: ಬೆಂಗಳೂರಿನ ಯಲಹಂಕ ವಾಯುನೆಲೆಯಲ್ಲಿ ಎರಡು ವರ್ಷಕ್ಕೊಮ್ಮೆ ಏರೋ ಇಂಡಿಯಾ ನಡೆಯುತ್ತೆ. 2025ರಲ್ಲಿ ಫೆಬ್ರವರಿ 10ರಿಂದ 14ರವರೆಗೆ ನಡೆದಿತ್ತು. ಆ ಲೆಕ್ಕದಲ್ಲಿ ಮುಂದಿನ ಸರದಿ 2027. ಒಮ್ಮೆ ಹೋಗಿ ಸೂರ್ಯಕಿರಣ ವಿಮಾನಗಳ ಫೋಟೊ ಹೊಡೀಬೇಕು ಅನ್ನೋ ಸ್ಟುಡಿಯೊ ಹುಡುಗರು, ಕಾಲೇಜು ಹುಡುಗರು ಹಡಗಲಿ ತಾಲ್ಲೂಕಲ್ಲೂ ಕಡಿಮೆ ಇಲ್ಲ. ಆದರೆ ಸುಮಾರು 300 ಕಿ.ಮೀ. ದೂರ, ಎರಡು ದಿನ ಅಂಗಡಿ ಬಂದ್, ಬಸ್ ಚಾರ್ಜ್, ಟಿಕೆಟ್ ದುಡ್ಡು. ಇಷ್ಟೆಲ್ಲ ಕಳೆದು ಮೊಬೈಲ್‌ನಲ್ಲಿ ನಾಲ್ಕು ಕರಿ ಚುಕ್ಕೆ ತಗೊಂಡು ಬಂದರೆ ಹೊಟ್ಟೆ ಉರಿಯದೇ ಇರುತ್ತಾ? ಹೋಗೋ ಮುಂಚೆ ತಿಳ್ಕೋಬೇಕಾದ್ದು ಇಲ್ಲಿದೆ.

ಯಾರಿದು ಸೂರ್ಯಕಿರಣ?

ಇದು ಭಾರತೀಯ ವಾಯುಪಡೆಯ ವೈಮಾನಿಕ ಕಸರತ್ತಿನ ತಂಡ. 1996ರಲ್ಲಿ ಶುರುವಾಯ್ತು. ನೆಲೆ ನಮ್ಮದೇ ಬೀದರ್. ಮೊದಲು ಎಚ್‌ಎಎಲ್ ತಯಾರಿಸಿದ ಕಿರಣ್ ವಿಮಾನ ಹಾರಿಸ್ತಿದ್ದರು. ಪೈಲಟ್‌ಗಳ ತರಬೇತಿಗೆ ವಿಮಾನ ಸಾಲದೆ 2011ರಲ್ಲಿ ತಂಡದ ಪ್ರದರ್ಶನ ನಿಂತಿತ್ತು. ಆಮೇಲೆ 2015ರಲ್ಲಿ ಹಾಕ್ ವಿಮಾನದೊಂದಿಗೆ ಮತ್ತೆ ಬಂತು. ಈಗ ಒಂಬತ್ತು ಕೆಂಪು-ಬಿಳಿ ಹಾಕ್‌ಗಳು ಒಟ್ಟಿಗೆ ಹಾರುತ್ತವೆ. ಮೈಸೂರು ದಸರಾದಲ್ಲಿ ಬನ್ನಿಮಂಟಪದ ಮೇಲೂ ಈ ತಂಡ ಹಾರಿದೆ.

ಸದ್ದು ಹಿಂದೆ, ವಿಮಾನ ಮುಂದೆ

ಹೊಸಬರು ಮಾಡೋ ದೊಡ್ಡ ತಪ್ಪು, ಸದ್ದು ಬಂದ ಕಡೆ ಕ್ಯಾಮೆರಾ ಎತ್ತೋದು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಚಲಿಸುತ್ತೆ. ವಿಮಾನ ಒಂದು ಕಿ.ಮೀ. ದೂರದಲ್ಲಿದ್ದರೆ ಸದ್ದು ಕಿವಿಗೆ ಬರೋಕೆ ಮೂರು ಸೆಕೆಂಡ್ ಬೇಕು. ವಿಮಾನ ಗಂಟೆಗೆ 540 ಕಿ.ಮೀ. ವೇಗದಲ್ಲಿದೆ ಅಂತಿಟ್ಕೊಳ್ಳಿ. ಅಂದ್ರೆ ಸೆಕೆಂಡಿಗೆ 150 ಮೀಟರ್. ಸದ್ದು ಮುಟ್ಟೋದರೊಳಗೆ ಅದು 450 ಮೀಟರ್ ಮುಂದೆ ಹೋಗಿರುತ್ತೆ. ಹಾಗಾಗಿ ಕಿವಿ ನಂಬಬೇಡಿ, ಧ್ವನಿವರ್ಧಕದಲ್ಲಿ ಬರೋ ಘೋಷಣೆ ಕೇಳಿ, ಹೊಗೆಯ ಗೆರೆ ನೋಡಿ.

ಮೈಲಾರದ ಕಾರಣಿಕದ ಫೋಟೊ ಹೊಡೆದವರಿಗೆ ಇದು ಬೇಗ ಅರ್ಥ ಆಗುತ್ತೆ. ಗೊರವಯ್ಯ ಬಿಲ್ಲೇರಿದ ಮೇಲೆ ಯಾರೂ ಕ್ಯಾಮೆರಾ ಹುಡುಕಲ್ಲ, ಬೆರಳು ಮೊದಲೇ ಬಟನ್ ಮೇಲಿರುತ್ತೆ. ಇಲ್ಲೂ ಅಷ್ಟೇ.

ಕ್ಯಾಮೆರಾ ಇದ್ದವರಿಗೆ

ಶಟರ್ 1/250ರಲ್ಲಿಟ್ಟರೆ ಅಷ್ಟರಲ್ಲೇ ವಿಮಾನ 60 ಸೆಂ.ಮೀ. ಸರಿದಿರುತ್ತೆ, ಕ್ಯಾಮೆರಾ ಜೊತೆಗೆ ತಿರುಗದಿದ್ದರೆ ಫೋಟೊ ಮಸುಕು. 1/2000ಕ್ಕೆ ಇಟ್ಟರೆ ಏಳೂವರೆ ಸೆಂ.ಮೀ. ಅಷ್ಟೇ. ಜೆಟ್‌ಗೆ 1/1000ಕ್ಕಿಂತ ಕೆಳಗೆ ಇಳಿಸಬೇಡಿ. ಫೋಕಸ್ ಕಂಟಿನ್ಯುಯಸ್‌ನಲ್ಲಿರಲಿ, ಸೊಂಟದಿಂದ ತಿರುಗುತ್ತಾ ವಿಮಾನದ ಜೊತೆಗೇ ಕ್ಯಾಮೆರಾ ಸಾಗಿಸಿ.

ಹೆಲಿಕಾಪ್ಟರ್‌ಗೆ ಲೆಕ್ಕ ಉಲ್ಟಾ. ನವಿಲಿನ ಬಣ್ಣದ ಸಾರಂಗ್ ತಂಡದ ಧ್ರುವ್ ಬಂದರೆ ಶಟರ್ 1/250 ಅಥವಾ ಅದಕ್ಕೂ ಕೆಳಗೆ ಇಳಿಸಿ. ಇಲ್ಲದಿದ್ದರೆ ರೆಕ್ಕೆ ನಿಂತಂಗೆ ಕಂಡು, ಆಟಿಕೆ ತೂಗುಹಾಕಿದ ಹಾಗಿರುತ್ತೆ. (ಧ್ರುವ್ ಹಾರಾಟಕ್ಕೆ ತಡೆ ಇದ್ದ ಕಾರಣ 2025ರಲ್ಲಿ ಸಾರಂಗ್ ಬಂದಿರಲಿಲ್ಲ.)

ಬೆಳಗಿದ ಆಕಾಶ ನೋಡಿ ಕ್ಯಾಮೆರಾ ಮೋಸ ಹೋಗುತ್ತೆ, ವಿಮಾನ ಕಪ್ಪಾಗಿ ಬರುತ್ತೆ. ಎಕ್ಸ್‌ಪೋಷರ್ ಮುಕ್ಕಾಲಿನಿಂದ ಒಂದು ಪಾಯಿಂಟ್ ಏರಿಸಿ. ಬಿಳಿ ಹೊಗೆ ಜಾಸ್ತಿ ಇದ್ದಾಗ ಮತ್ತೆ ಇಳಿಸಿ.

ಎರಡು ವಿಮಾನ ಎದುರುಬದುರು ದಾಟೋದು ಎಲ್ಲರಿಗೂ ಬೇಕಾದ ಫೋಟೊ. ಅವು ಹತ್ತಿರ ಬರೋ ವೇಗ ಸೆಕೆಂಡಿಗೆ 300 ಮೀಟರ್. ಸೆಕೆಂಡಿಗೆ 10 ಫೋಟೊ ತೆಗೆಯೋ ಕ್ಯಾಮೆರಾ ಇದ್ದರೂ ಒಂದರಿಂದ ಇನ್ನೊಂದಕ್ಕೆ ಅಂತರ 30 ಮೀಟರ್ ಬದಲಾಗಿರುತ್ತೆ. ಹಾಕ್ ಉದ್ದವೇ ಸುಮಾರು 12 ಮೀಟರ್. ಅಂದ್ರೆ ಒಳ್ಳೆ ಕ್ಯಾಮೆರಾಕ್ಕೂ ಅದೃಷ್ಟ ಬೇಕು. ಸಿಗದಿದ್ದರೆ ಬೇಜಾರು ಬೇಡ.

ಮೊಬೈಲ್‌ನವರಿಗೆ

ಜೂಮ್ ಮಾಡಬೇಡಿ, ಚುಕ್ಕೆ ದೊಡ್ಡದಾಗುತ್ತೆ, ವಿಮಾನ ಆಗಲ್ಲ. ಮೊಬೈಲ್‌ಗೆ ಒಪ್ಪೋದು ಹೊಗೆಯ ಚಿತ್ತಾರ. ಎರಡು ವಿಮಾನ ಸೇರಿ ಆಕಾಶದಲ್ಲಿ ಹೃದಯ ಬರೆಯುವಾಗ ಅಗಲವಾಗಿ ತೆಗೀರಿ, ಕೆಳಗೆ ಜನರ ತಲೆಗಳೂ ಬರಲಿ. ಗಾಳಿ ಇದ್ದರೆ ಆಕಾರ ಬೇಗ ಕೆಡುತ್ತೆ, ಮುಗಿದ ಕೂಡಲೇ ಒತ್ತಿ. ಲೆನ್ಸ್ ಒರೆಸಿ, ಪವರ್ ಬ್ಯಾಂಕ್ ಇಟ್ಕೊಳ್ಳಿ.

ಟಿಕೆಟ್ ಯಾವುದು?

2025ರಲ್ಲಿ ಹಾರಾಟ ಮಾತ್ರ ನೋಡೋ ಜಾಗಕ್ಕೆ ₹1,000, ವಸ್ತುಪ್ರದರ್ಶನವೂ ಸೇರಿ ₹2,500 ಇತ್ತು. ಸಾರ್ವಜನಿಕರಿಗೆ ಕೊನೆಯ ಎರಡು ದಿನ. ಬರೀ ಫೋಟೊ ಸಾಕು ಅನ್ನೋರಿಗೆ ಕಡಿಮೆ ದರದ್ದೇ ಸಾಕು. ಡ್ರೋನ್ ಒಯ್ಯಲೇಬೇಡಿ, ಅಲ್ಲಿ ಹಾರಿಸೋದು ನಿಷೇಧ. ವಾಯುನೆಲೆಯ ಕಟ್ಟಡ, ಕಾವಲು ಜಾಗದ ಫೋಟೊ ತೆಗೆದರೆ ಕೇಸ್ ಆಗಬಹುದು. ಗೊತ್ತಾಗದಿದ್ದರೆ ಅಲ್ಲಿರೋ ಸಿಬ್ಬಂದಿಯನ್ನ ಕೇಳಿ.

ಆಟವಲ್ಲ, ಜೀವದ ಮಾತು

2019ರ ಫೆಬ್ರವರಿ 19ರಂದು, ಪ್ರದರ್ಶನಕ್ಕೆ ಒಂದು ದಿನ ಮುಂಚೆ, ಯಲಹಂಕದಲ್ಲಿ ತಾಲೀಮು ನಡೆಸುವಾಗ ಸೂರ್ಯಕಿರಣದ ಎರಡು ವಿಮಾನ ಡಿಕ್ಕಿಯಾದವು. ವಿಂಗ್ ಕಮಾಂಡರ್ ಸಾಹಿಲ್ ಗಾಂಧಿ ತೀರಿಕೊಂಡರು. ಇನ್ನಿಬ್ಬರು ಪೈಲಟ್‌ಗಳು ಹೊರಗೆ ಜಿಗಿದು ಬದುಕಿದರು. ನಾಲ್ಕು ದಿನದ ನಂತರ ಪಾರ್ಕಿಂಗ್ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟವು. 2024ರ ಅಕ್ಟೋಬರ್ 6ರಂದು ಚೆನ್ನೈ ಮರೀನಾ ಏರ್ ಶೋಗೆ ಬಂದಿದ್ದ ಐವರು ಬಿಸಿಲು, ನೂಕುನುಗ್ಗಲಿನ ನಡುವೆ ಸತ್ತರು. ಟೋಪಿ, ನೀರು ಮರೀಬೇಡಿ. ವಯಸ್ಸಾದವರನ್ನ, ಸಣ್ಣ ಮಕ್ಕಳನ್ನ ಕರ್ಕೊಂಡು ಹೋಗೋ ಮುಂಚೆ ಎರಡು ಸಲ ಯೋಚಿಸಿ. ಒಣ ಹುಲ್ಲಿನಲ್ಲಿ ಬೀಡಿ, ಸಿಗರೇಟು ಬೇಡ.

ಅಂಗಡಿಯವರು ಗಮನಿಸಬೇಕಾದ್ದು ಇನ್ನೊಂದಿದೆ. 2025ರಲ್ಲಿ ಯಲಹಂಕ ಸುತ್ತ 13 ಕಿ.ಮೀ. ಒಳಗೆ ಜನವರಿ 23ರಿಂದ ಫೆಬ್ರವರಿ 17ರವರೆಗೆ ಮಾಂಸ ಮಾರಾಟ, ಮಾಂಸದ ಅಡುಗೆ ಬಡಿಸೋದು ಬಂದ್ ಆಗಿತ್ತು. ಎಸೆದ ಮಾಂಸದ ಚೂರಿಗೆ ಹದ್ದುಗಳು ಸೇರುತ್ತವೆ, ಹದ್ದು ಎಂಜಿನ್‌ಗೆ ಸಿಕ್ಕರೆ ಅನಾಹುತ. ಹಾಕ್‌ಗೆ ಇರೋದು ಒಂದೇ ಎಂಜಿನ್. ಅಲ್ಲಿನ ಕಟುಕರು, ಹೋಟೆಲ್‌ನವರು 26 ದಿನದ ವ್ಯಾಪಾರ ಬಿಟ್ಟಿದ್ದು ಇದಕ್ಕೇ. ನೋಡೋಕೆ ಹೋದವರು ತಿಂದುಳಿದ ಬುತ್ತಿ ಪೊಟ್ಟಣ ಬಯಲಲ್ಲಿ ಎಸೆದರೆ ಅವರ ನಷ್ಟಕ್ಕೂ ಬೆಲೆ ಇಲ್ಲ, ಮೇಲೆ ಹಾರೋರ ಜೀವಕ್ಕೂ ಬೆಲೆ ಇಲ್ಲ. ಉಳಿದದ್ದನ್ನ ಚೀಲಕ್ಕೆ ಹಾಕ್ಕೊಂಡು ವಾಪಸ್ ತನ್ನಿ.