ಯಂತ್ರದ ನಾಡಿ ಹಿಡಿಯುವ ರಾತ್ರಿಪಾಳಿ

1985ರಲ್ಲಿ ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿಗೆ ಬಂದು, ದಂಡು ಪ್ರದೇಶದ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಲ್ಲಿ ನೆಲೆಯೂರಿತು. ಅದರ ಉಪಗ್ರಹ ಸಂಪರ್ಕದ ಸಲಕರಣೆ ಎತ್ತಿನ ಗಾಡಿಯಲ್ಲಿ ಬಂದ ಕಥೆಯನ್ನು ಊರು ಇಂದಿಗೂ ಹೇಳಿಕೊಳ್ಳುತ್ತದೆ. ಇಲ್ಲಿನ ಎಂಜಿನಿಯರುಗಳ ಕೆಲಸ ಆ ದಾರಿಯಲ್ಲಿ ಸಾಗರ ದಾಟಿತು.

ದೂರದ ಯಂತ್ರದೊಡನೆ ಇಲ್ಲಿಂದಲೇ ಮಾತನಾಡಬಹುದಾದರೆ, ಅದರ ಆರೋಗ್ಯವನ್ನೂ ಇಲ್ಲಿಂದಲೇ ನೋಡಿಕೊಳ್ಳಬಹುದಲ್ಲವೆ? ಇಂದು ನಗರದ ಪೂರ್ವಭಾಗದ ಕಚೇರಿಗಳಲ್ಲಿ ರಾತ್ರಿಪಾಳಿಯವರು ಮಾಡುವ ಕೆಲಸಗಳಲ್ಲಿ ಇದೂ ಒಂದು. ಬ್ಯಾಂಕಿನ ಲೆಕ್ಕ, ರೈಲು ಟಿಕೆಟ್, ಆಸ್ಪತ್ರೆಯ ದಾಖಲೆ ಎಲ್ಲವನ್ನೂ ಕಾಪಿಟ್ಟು, ಕೇಳಿದವರಿಗೆ ಒದಗಿಸುವ ಗಣಕಯಂತ್ರವೇ ಸರ್ವರ್. ಅದು ನಿಂತರೆ ಕೌಂಟರಿನ ಮುಂದಿನ ಸಾಲೂ ನಿಲ್ಲುತ್ತದೆ.

ಸರ್ವರಿನ ನಾಡಿ ನೋಡಲು ಎರಡು ದಾರಿಗಳುಂಟು. ಒಂದು, ವಿಚಾರಿಸುವುದು. ಮೇಲ್ವಿಚಾರಣೆಯ ಯಂತ್ರ ಕೆಲವು ನಿಮಿಷಗಳಿಗೊಮ್ಮೆ ಕೇಳುತ್ತದೆ: ಡಿಸ್ಕಿನಲ್ಲಿ ಜಾಗವೆಷ್ಟು ಉಳಿದಿದೆ? ಕೆಲಸದ ಹೊರೆ ಎಷ್ಟಿದೆ? ಇನ್ನೊಂದು, ತೊಂದರೆ ಕಂಡೊಡನೆ ಸರ್ವರ್ ತಾನಾಗಿಯೇ ಕೂಗಿಕೊಳ್ಳುವುದು. ಇದಕ್ಕೆ ‘ಟ್ರ್ಯಾಪ್’ ಎನ್ನುತ್ತಾರೆ. 1988ರಲ್ಲಿ ರೂಪುಗೊಂಡ ಎಸ್‌ಎನ್‌ಎಂಪಿ ಎಂಬ ನಿಯಮಾವಳಿ ಇವೆರಡಕ್ಕೂ ಒಂದೇ ಭಾಷೆಯನ್ನು ಒದಗಿಸಿತು. ಬೇರೆ ಬೇರೆ ಕಂಪನಿಗಳ ಯಂತ್ರಗಳನ್ನು ಒಂದೇ ಕಡೆ ಕುಳಿತು ನೋಡುವುದು ಇದರಿಂದ ಸುಲಭವಾಯಿತು.

ಆದರೆ ಟ್ರ್ಯಾಪ್ ಸಾಧಾರಣ ಅಂಚೆಯ ಕಾಗದದಂತೆ. ತಲುಪಿತೆಂಬ ರಸೀದಿ ಬರುವುದಿಲ್ಲ. 1993ರ ಎರಡನೆಯ ಆವೃತ್ತಿಯಲ್ಲಿ ರಿಜಿಸ್ಟರ್ ಅಂಚೆಯಂಥ ‘ಇನ್‌ಫಾರ್ಮ್’ ಬಂದಿತು. ಆದರೂ ವಿದ್ಯುತ್ ಹೋಗಿ ಪೂರ್ತಿ ಆರಿದ ಸರ್ವರಿಗೆ ಕೂಗಲು ಬಾಯಿಯೇ ಇರದು. ಮೌನವನ್ನು ಕ್ಷೇಮವೆಂದು ತಿಳಿಯುವುದೇ ಇಲ್ಲಿನ ದೊಡ್ಡ ತಪ್ಪು. ಆದ್ದರಿಂದ ದೂರು ಬರಲಿ ಬಿಡಲಿ, ವಿಚಾರಿಸುವುದನ್ನು ಬಿಡುವಂತಿಲ್ಲ.

ಅತಿಯಾದ ಕೂಗೂ ಅಷ್ಟೇ ಅಪಾಯ. ರಸ್ತೆ ಅಗೆಯುವವರ ಗುದ್ದಲಿಗೆ ಒಂದು ಕೇಬಲ್ ತುಂಡಾದರೆ, ಅದರಾಚೆಯ ನೂರು ಯಂತ್ರಗಳಿಗೆ ನೂರು ಎಚ್ಚರಿಕೆಗಳು ಮೊಳಗಬಹುದು. ಕೆಟ್ಟಿರುವುದು ಮಾತ್ರ ಒಂದೇ. ಡಿಸ್ಕು ಅರ್ಧ ತುಂಬಿದಾಗಲೇ ಗಂಟೆ ಹೊಡೆದರೆ ‘ತೋಳ ಬಂತು ತೋಳ’ ಎಂಬ ಕುರಿಕಾಯುವ ಹುಡುಗನ ಕಥೆಯಾಗುತ್ತದೆ. ನಿಜವಾದ ತೋಳ ಬಂದ ದಿನ ಯಾರೂ ಏಳುವುದಿಲ್ಲ. ಹಾಗೆಂದು ಪೂರ್ತಿ ತುಂಬಿದ ಮೇಲೆ ಹೊಡೆದರೆ ಹೊತ್ತು ಮೀರಿರುತ್ತದೆ.

ಯಾವ ಮಿತಿ ದಾಟಿದಾಗ ಗಂಟೆ ಹೊಡೆಯಬೇಕು, ಯಾರನ್ನು ನಿದ್ದೆಯಿಂದ ಎಬ್ಬಿಸಬೇಕು ಎಂಬುದನ್ನು ಮೊದಲೇ ನಿಶ್ಚಯಿಸಬೇಕಾದವರು ಮನುಷ್ಯರು. ಆ ನಿಶ್ಚಯ ಸರಿಯಾಗಿದ್ದರೆ, ಬೆಳಿಗ್ಗೆ ಬ್ಯಾಂಕಿಗೆ ಹೋದವರಿಗೆ ರಾತ್ರಿ ಏನೋ ನಡೆದಿತ್ತೆಂಬ ಸುಳಿವೇ ಸಿಗುವುದಿಲ್ಲ.